ಬಿಸಿ ಓಟ್ಸಿಗೆ ಹಣ್ಣು ಹಾಕುವಾಗ: ಮುಂಬೈ, ಪುಣೆ, ಗೋವಾದ ಕನ್ನಡದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಈ ಕಡೆ ಹಣ್ಣಿಗೆ ಕೊರತೆ ಇಲ್ಲ. ದಾದರ್, ಮಾಟುಂಗ, ಪುಣೆಯ ಮಂಡಈ, ಮಾಪುಸಾದ ಶುಕ್ರವಾರದ ಸಂತೆ, ಎಲ್ಲಿ ಹೋದರೂ ರಾಶಿ ರಾಶಿ ಹಣ್ಣು. ಕೊರತೆ ಇರುವುದು ಬೆಳಗಿನ ಟೈಮಿಗೆ. ಇಡ್ಲಿ ಹಿಟ್ಟು ರುಬ್ಬಲು ಆಗದ ದಿನ ಓಟ್ಸ್ ಡಬ್ಬಿ ಕೆಳಗಿಳಿಯುತ್ತದೆ. ಅದಕ್ಕೆ ಕೈಗೆ ಸಿಕ್ಕ ಹಣ್ಣು ಬೀಳುತ್ತದೆ. ಆಮೇಲೆ ಹಾಲು ಒಡೆಯಿತು, ಕಹಿ ಆಯಿತು, ಅಂಟಂಟಾಯಿತು ಅಂತ ಶುರು. ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ.

ಹಣ್ಣನ್ನು ಯಾವಾಗ ಹಾಕಬೇಕು? ಓಟ್ಸ್ ಬೇಯುವಾಗಲೋ, ಬೆಂದ ಮೇಲೋ?

ಹಣ್ಣು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ನಮ್ಮ ಸಿಹಿ ಅಡುಗೆಗಳನ್ನು ನೆನಪು ಮಾಡಿಕೊಳ್ಳಿ. ಪಾಯಸದ ದ್ರಾಕ್ಷಿಯನ್ನು ತುಪ್ಪದಲ್ಲಿ ಹುರಿಯುತ್ತೇವೆ. ಶಿರಾಕ್ಕೆ ಹಾಕುವ ಅನಾನಸನ್ನು ಬೇಯಿಸುತ್ತೇವೆ. ಆದರೆ ಮಾವಿನ ರಸಾಯನವನ್ನು ಯಾರಾದರೂ ಕುದಿಸುತ್ತಾರಾ? ಇಲ್ಲ ಅಲ್ವಾ. ಓಟ್ಸಿಗೂ ಇದೇ ಲೆಕ್ಕ.

ಸೇಬು, ಪೇರ್, ಒಣದ್ರಾಕ್ಷಿ, ಖರ್ಜೂರ ಇವೆಲ್ಲ ಓಟ್ಸ್ ಜೊತೆಗೇ ಪಾತ್ರೆಗೆ ಹೋಗಲಿ. ಬೇಯುತ್ತಾ ಮೆತ್ತಗಾಗುತ್ತವೆ, ಅವುಗಳ ಸಿಹಿ ಗಂಜಿಗೆ ಇಳಿಯುತ್ತದೆ. ಬಾಳೆಹಣ್ಣು, ಚಿಕ್ಕು, ಹಸಿ ಅಂಜೂರ ಇವನ್ನು ಗ್ಯಾಸ್ ಆರಿಸಿದ ಮೇಲೆ ಹಾಕಿ ಒಂದು ನಿಮಿಷ ಮುಚ್ಚಿಡಿ. ಆ ಬಿಸಿಯೇ ಸಾಕು. ಮಾವು, ಸ್ಟ್ರಾಬೆರಿ, ಕಿತ್ತಳೆ, ಪೇರಲೆ, ದಾಳಿಂಬೆ ಬಟ್ಟಲಿಗೆ ಬಡಿಸಿದ ಮೇಲೆ, ಮೇಲುಗಡೆ. ದಾಳಿಂಬೆ ಕಾಳನ್ನು ಬೇಯಿಸಿದರೆ ರಸ ಹೋಗಿ ಬೀಜ ಮಾತ್ರ ಬಾಯಿಗೆ ಸಿಗುತ್ತದೆ. ಪೇರಲೆ, ಕಿತ್ತಳೆಯಲ್ಲಿರುವ ವಿಟಮಿನ್ ಸಿ ಬಿಸಿಗೆ ತಡೆಯುವುದಿಲ್ಲ. ಓಟ್ಸಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ಅದೇ ವಿಟಮಿನ್ ಸಹಾಯ ಮಾಡುತ್ತದೆ. ಹಾಗಾಗಿ ಅದನ್ನು ಕುದಿಸಿ ಕಳೆಯಬೇಡಿ.

ಯಾವ ಓಟ್ಸ್ ತಗೊಳ್ಳಲಿ? ನೀರು ಎಷ್ಟು?

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ದಪ್ಪ ಅವಲಕ್ಕಿಯ ಹಾಗಿರುವ ರೋಲ್ಡ್ ಓಟ್ಸ್, ಇನ್ನೂ ತೆಳ್ಳಗಿರುವ ಕ್ವಿಕ್ ಅಥವಾ ಇನ್‌ಸ್ಟಂಟ್, ನುಚ್ಚಿನ ಹಾಗಿರುವ ಸ್ಟೀಲ್ ಕಟ್. ಹಣ್ಣು ಹಾಕಿ ತಿನ್ನಲು ನನ್ನ ಮತ ರೋಲ್ಡ್‌ಗೆ. ಐದು ನಿಮಿಷದಲ್ಲಿ ಬೇಯುತ್ತದೆ, ಆದರೂ ಹಲ್ಲಿಗೆ ಸ್ವಲ್ಪ ಸಿಗುತ್ತದೆ. ಇನ್‌ಸ್ಟಂಟ್‌ಗೆ ರಸಭರಿತ ಹಣ್ಣು ಹಾಕಿದರೆ ಬರೀ ಅಂಟು.

ಒಬ್ಬರಿಗೆ 40 ಗ್ರಾಂ, ಅಂದರೆ ಅಳತೆ ಕಪ್ಪಿನಲ್ಲಿ ಅರ್ಧ ಕಪ್. ಅದಕ್ಕೆ ಒಂದು ಕಪ್ ನೀರು ಅಥವಾ ನೀರು-ಹಾಲು ಸೇರಿಸಿ. ಸ್ಟ್ರಾಬೆರಿ, ಕಿತ್ತಳೆಯಂಥ ನೀರು ಬಿಡುವ ಹಣ್ಣಾದರೆ ಎರಡು ಚಮಚ ಕಡಿಮೆ ಮಾಡಿ. ಒಣಹಣ್ಣಾದರೆ ಎರಡು ಚಮಚ ಜಾಸ್ತಿ. ಒಂದು ಚಿಟಿಕೆ ಉಪ್ಪು ಮರೆಯಬೇಡಿ. ಸ್ಕಾಟ್‌ಲೆಂಡಿನವರು ಓಟ್ಸ್ ಗಂಜಿಗೆ ಹಿಂದಿನಿಂದಲೂ ಉಪ್ಪು ಹಾಕುತ್ತಾರೆ. ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಪಾಯಸಕ್ಕೆ ಒಂದು ಕಲ್ಲು ಉಪ್ಪು ಬೀಳುತ್ತದೆ.

ಸ್ಟೀಲ್ ಕಟ್‌ಗೆ ಮೂರರಿಂದ ನಾಲ್ಕು ಪಟ್ಟು ನೀರು, ಅರ್ಧ ಗಂಟೆ ಹತ್ತಿರ ಸಮಯ. ಕುಕ್ಕರಿನಲ್ಲಿ ಇಡುವುದಾದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಓಟ್ಸ್ ನೊರೆ ಏರಿ ಸೀಟಿಯ ತೂತಿಗೆ ಕಟ್ಟಿಕೊಳ್ಳುತ್ತದೆ.

ಹಣ್ಣು ಹಾಕಿದ ಕೂಡಲೇ ಹಾಲು ಒಡೆಯುತ್ತೆ. ಹಾಲು ಸರಿ ಇಲ್ಲವಾ?

ಹಾಲು ಸರಿಯಾಗೇ ಇರುತ್ತದೆ. ಹಾಲಿನಲ್ಲಿ ಕೇಸಿನ್ ಅನ್ನುವ ಪ್ರೋಟೀನ್ ಇದೆ. ಹುಳಿ ಒಂದು ಮಟ್ಟ ಮುಟ್ಟಿದರೆ ಅದು ಗಂಟು ಕಟ್ಟುತ್ತದೆ. ತಣ್ಣನೆಯ ಹಾಲಿನಲ್ಲಿ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.6ರ ಸುತ್ತಮುತ್ತ ಹೀಗಾಗುತ್ತದೆ. ಕುದಿಯುವ ಹಾಲಿಗೆ ಅಷ್ಟು ಹುಳಿಯೂ ಬೇಕಿಲ್ಲ. ಅದಕ್ಕೇ ಫ್ರಿಜ್ಜಿನಿಂದ ತೆಗೆದ ಹಾಲಿನಲ್ಲಿ ಮಾಡಿದ ಸ್ಟ್ರಾಬೆರಿ ಮಿಲ್ಕ್‌ಶೇಕ್ ಚೆನ್ನಾಗೇ ಇರುತ್ತದೆ, ಅದೇ ಸ್ಟ್ರಾಬೆರಿ ಕುದಿಯುವ ಓಟ್ಸಿಗೆ ಬಿದ್ದರೆ ಬಿಳಿ ಚೂರು ತೇಲುತ್ತದೆ. ತಿಂದರೆ ತೊಂದರೆ ಇಲ್ಲ. ನೋಡಲು ಮಾತ್ರ ಬೇಸರ.

ದಾರಿ ಸುಲಭ. ಓಟ್ಸನ್ನು ನೀರಿನಲ್ಲೇ ಪೂರ್ತಿ ಬೇಯಿಸಿ. ಗ್ಯಾಸ್ ಆರಿಸಿ, ಮೊದಲೇ ಕಾಯಿಸಿಟ್ಟ ಹಾಲನ್ನು ಬೆರೆಸಿ. ಎರಡು ನಿಮಿಷ ಬಿಟ್ಟು, ಉಗುರುಬಿಸಿಗಿಂತ ಸ್ವಲ್ಪ ಮೇಲೆ ಇರುವಾಗ ಹುಳಿ ಹಣ್ಣನ್ನು ಮೇಲೆ ಹರಡಿ. ಕಲಸಬೇಡಿ, ಚಮಚಕ್ಕೆ ಬಂದಷ್ಟು ಬರಲಿ.

ಬೆಲ್ಲಕ್ಕೂ ಇದೇ ಮಾತು. ಪಾಯಸಕ್ಕೆ ಬೆಲ್ಲ ಹಾಕಿ ಹಾಲು ಒಡೆದದ್ದನ್ನು ನೋಡದವರು ಯಾರಿದ್ದಾರೆ? ಕೊಲ್ಹಾಪುರದ ಬೆಲ್ಲ ಆದರೂ ಸರಿ, ನಮ್ಮ ಮಂಡ್ಯದ್ದಾದರೂ ಸರಿ, ಗ್ಯಾಸ್ ಆರಿಸಿದ ಮೇಲೆಯೇ ಹಾಕಿ.

ಇನ್ನೊಂದು ವಿಷಯ. ಮುಂಬೈಯಲ್ಲಿ ತಬೇಲಾದ ಎಮ್ಮೆ ಹಾಲು ತರಿಸುವ ಮನೆಗಳಲ್ಲಿ ಗಂಜಿ ಬೇಗ ಗಟ್ಟಿಯಾಗುತ್ತದೆ. ಕೊಬ್ಬು ಜಾಸ್ತಿ, ಹೊಟ್ಟೆ ಭಾರ. ಅರ್ಧಕ್ಕರ್ಧ ನೀರು ಬೆರೆಸಿದರೆ ಸಾಕು.

ಅನಾನಸ್ ಹಾಕಿದರೆ ಕಹಿ ಆಗುತ್ತದಲ್ಲ, ಯಾಕೆ?

ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತಾ ಹೋಗುತ್ತದೆ. ಆ ತುಂಡುಗಳೇ ಕಹಿ. ಪಪ್ಪಾಯಿಯ ಪಪೈನ್, ಕಿವಿ ಹಣ್ಣಿನ ಆಕ್ಟಿನಿಡಿನ್ ಮಾಡುವುದೂ ಇದೇ ಕೆಲಸ. ಹಾಕಿದ ಕೂಡಲೇ ತಿಂದರೆ ಗೊತ್ತಾಗುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಬಾಯಿಗೆ ಇಟ್ಟರೆ ನಾಲಿಗೆ ಹೇಳುತ್ತದೆ.

ಬಿಸಿ ಮಾಡಿದರೆ ಈ ಕಿಣ್ವ ಸಾಯುತ್ತದೆ. ಉಡುಪಿ ಹೋಟೆಲಿನ ಪೈನಾಪಲ್ ಶಿರಾ ಕಹಿಯಾಗದಿರುವ ಗುಟ್ಟು ಇಷ್ಟೇ. ಅಲ್ಲಿ ಹಣ್ಣನ್ನು ಸಕ್ಕರೆ ಪಾಕದಲ್ಲಿ ಮೊದಲೇ ಬೇಯಿಸುತ್ತಾರೆ. ನೀವೂ ಹಾಗೇ ಮಾಡಿ. ಅನಾನಸನ್ನು ಕಡಲೆಬೀಜದಷ್ಟು ಸಣ್ಣಗೆ ಹೆಚ್ಚಿ, ಒಂದು ಚಮಚ ಸಕ್ಕರೆ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಇಡಿ. ಮೊದಲು ನೀರು ಬಿಟ್ಟು ನೊರೆ ಬರುತ್ತದೆ. ಆಮೇಲೆ ನೊರೆ ಇಳಿದು ರಸ ಮಂದವಾಗುತ್ತದೆ, ಹೋಳು ಮಸುಕು ಹಳದಿಯಿಂದ ಗಾಜಿನಂಥ ಹಳದಿಗೆ ತಿರುಗುತ್ತದೆ. ಆಗ ಕೆಳಗಿಳಿಸಿ. ಇದನ್ನು ಭಾನುವಾರ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಏಲಕ್ಕಿ ಬೇಡ, ಒಂದು ಎಸಳು ಕೇಸರಿ ಹಾಕಿ ನೋಡಿ.

ಅನಾನಸ್ ಹುಳಿ ಹಣ್ಣೂ ಹೌದು. ಬೇಯಿಸಿದರೂ ಹುಳಿ ಹೋಗುವುದಿಲ್ಲ. ಆದ್ದರಿಂದ ಹಾಲು ಕುದಿಯುವಾಗ ಇದನ್ನೂ ಹಾಕಬೇಡಿ.

ಬಾಳೆಹಣ್ಣಿನಲ್ಲಿ ಯಾವುದು ಒಳ್ಳೆಯದು?

ಡಜನ್ ಲೆಕ್ಕದಲ್ಲಿ ಗಾಡಿಯಲ್ಲಿ ಸಿಗುವ ಉದ್ದ ಬಾಳೆ ಹೆಚ್ಚಾಗಿ ಜಳಗಾಂವ್ ಕಡೆಯದು. ಸಿಹಿಯಾಗಿರುತ್ತದೆ, ಆದರೆ ಬಿಸಿಗೆ ಬೇಗ ಕರಗುತ್ತದೆ. ಕಿವುಚಿ ಗಂಜಿಗೇ ಬೆರೆಸುವುದಾದರೆ ಅದೇ ಸರಿ, ಸಕ್ಕರೆ ಬೇಕಾಗುವುದಿಲ್ಲ. ಬಿಲ್ಲೆಯಾಗಿ ಬಾಯಿಗೆ ಸಿಗಬೇಕು ಅಂದರೆ ಏಲಕ್ಕಿ ಬಾಳೆ. ಮುಂಬೈಯಲ್ಲಿ ‘ವೆಲ್ಚಿ’ ಅಂತ ಕೇಳಿ, ಕೊಡುತ್ತಾರೆ. ಗೋವಾದಲ್ಲಿರುವವರು ಮೊಯ್ರಾ ಊರಿನ ದಪ್ಪ ಬಾಳೆ ಸಿಕ್ಕರೆ ಬಿಡಬೇಡಿ. ಅದು ಬೇಯಿಸಲು ಹೇಳಿ ಮಾಡಿಸಿದ ಹಣ್ಣು. ನೇಂದ್ರವೂ ಹಾಗೆಯೇ.

ನನಗೆ ಎಲ್ಲಕ್ಕಿಂತ ಇಷ್ಟ ಸಪಾದದ ದಾರಿ. ಸತ್ಯನಾರಾಯಣ ಪೂಜೆಯ ಪ್ರಸಾದದಲ್ಲಿ ಬಾಳೆಹಣ್ಣು, ತುಪ್ಪ, ರವೆ ಸೇರಿ ಬರುವ ಪರಿಮಳ ಗೊತ್ತಲ್ಲ? ಬಾಣಲೆಗೆ ಒಂದು ಚಮಚ ತುಪ್ಪ ಹಾಕಿ, ಬೆರಳಗಲದ ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ. ಕೈಯಾಡಿಸಬೇಡಿ. ಸುತ್ತ ಸಣ್ಣ ಗುಳ್ಳೆ ಎದ್ದು, ಅಂಚು ಕಂದಾದಾಗ ಮಗುಚಿ. ಇನ್ನೊಂದು ಬದಿಗೆ ಅರ್ಧ ನಿಮಿಷ ಸಾಕು. ಬಿಲ್ಲೆಗಳನ್ನು ತೆಗೆದಿಟ್ಟು ಅದೇ ತುಪ್ಪಕ್ಕೆ ಓಟ್ಸ್ ಹಾಕಿ, ರವೆ ಹುರಿದ ಹಾಗೆ ಘಮ ಬರುವ ತನಕ ಹುರಿದು, ನೀರು ಹೊಯ್ಯಿರಿ. ಹುರಿದ ಓಟ್ಸ್ ಅಂಟಾಗುವುದು ಕಡಿಮೆ. ಬೆಂದ ಮೇಲೆ ಹಾಲು, ಏಲಕ್ಕಿ, ಮೇಲೆ ಆ ಬಿಲ್ಲೆಗಳು. ಓಟ್ಸ್ ಅಂದರೆ ಮೂಗು ಮುರಿಯುವ ಮಾವಂದಿರಿಗೆ ಹೆಸರು ಹೇಳದೆ ಬಡಿಸಿ.

ಹಾಪೂಸ್ ಸೀಸನ್ನಿನಲ್ಲಿ ಏನು ಮಾಡುವುದು?

ಹಾಪೂಸ್ ಅಂದರೆ ಆಲ್ಫಾನ್ಸೊ ಮಾವನ್ನು ಬೇಯಿಸುವುದು ನನಗೆ ಸಂಕಟ. ಡಜನ್‌ಗೆ ಅಷ್ಟು ದುಡ್ಡು ಕೊಟ್ಟು ತಂದು ಪರಿಮಳವನ್ನು ಆವಿ ಮಾಡುವುದಾ? ಮಾಡಬೇಕಾದ್ದು ರಸಾಯನ. ಓಟ್ಸನ್ನು ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ ಐದು ನಿಮಿಷ ಆರಲು ಬಿಡಿ. ದಪ್ಪ ಕಾಯಿಹಾಲು, ಸ್ವಲ್ಪ ಬೆಲ್ಲ ಬೆರೆಸಿ. ಮಾವಿನ ಹೋಳು ಮೇಲೆ. ಕಾಯಿಹಾಲಿನಲ್ಲಿ ಕೇಸಿನ್ ಇಲ್ಲ, ಹುಳಿಗೆ ಹಸುವಿನ ಹಾಲಿನಂತೆ ಒಡೆಯುವುದಿಲ್ಲ. ಆದರೆ ಜೋರಾಗಿ ಕುದಿಸಿದರೆ ಎಣ್ಣೆ ಬೇರೆಯಾಗುತ್ತದೆ, ಅದಕ್ಕೇ ಕೊನೆಗೆ ಹಾಕುವುದು.

ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್ ಜಿಲ್ಲೆಗಳ ಹಾಪೂಸಿಗೆ 2018ರಲ್ಲಿ ಜಿಐ ಗುರುತು (ಇದು ಈ ಊರಿನದೇ ಅನ್ನುವ ಕಾನೂನಿನ ಗುರುತು) ಸಿಕ್ಕಿತು, ಗೋವಾದ ಮಾನ್ಕುರಾದ್ ಮಾವಿಗೆ 2023ರಲ್ಲಿ. ಯಾವುದು ಮೇಲು ಅಂತ ಕೇಳಬೇಡಿ. ಗೋವಾದವರ ಮುಂದೆ ಹಾಪೂಸ್ ಹೊಗಳಿದರೆ ನಾಷ್ಟಾ ಅಲ್ಲಿಗೇ ನಿಲ್ಲುತ್ತದೆ. ಓಟ್ಸಿನ ಮಟ್ಟಿಗೆ ಹೇಳುವುದಾದರೆ ಮಾನ್ಕುರಾದಿನ ರಸ ಹೆಚ್ಚು ಹೊಂದುತ್ತದೆ, ಹಾಪೂಸಿನ ಹೋಳು.

ಬೇರೆ ತಿಂಗಳುಗಳಲ್ಲಿ ಇಲ್ಲಿ ಏನು ಒಳ್ಳೆಯದು ಸಿಗುತ್ತದೆ?

ನವೆಂಬರ್ ಕೊನೆಯಿಂದ ಮಾರ್ಚ್ ತನಕ ಮಹಾಬಳೇಶ್ವರದ ಸ್ಟ್ರಾಬೆರಿ. ಮೊದಮೊದಲು ಬರುವುದು ಹುಳಿ ಮತ್ತು ದುಬಾರಿ, ಜನವರಿ ಆಗಲಿ. ಹೋಳು ಮಾಡಿ ಸ್ವಲ್ಪ ಸಕ್ಕರೆ ಚಿಮುಕಿಸಿ ಹತ್ತು ನಿಮಿಷ ಇಟ್ಟರೆ ತಾನೇ ಕೆಂಪು ರಸ ಬಿಡುತ್ತದೆ. ಚಳಿಗಾಲದಲ್ಲೇ ನಾಗಪುರದ ಕಿತ್ತಳೆ. ಬಿಳಿ ನಾರು ತೆಗೆದು ಎಸಳು ಬಿಡಿಸಿ ಹಾಕಿ. ಡಹಾಣು-ಘೋಳ್ವಡ್ ಕಡೆಯ ಚಿಕ್ಕು ಹೆಚ್ಚುಕಮ್ಮಿ ವರ್ಷವಿಡೀ ಇರುತ್ತದೆ. ಅದು ಹಾಲಿಗೆ ತುಂಬ ಹೊಂದುತ್ತದೆ, ಒಡೆಯುವ ಭಯವೇ ಇಲ್ಲ. ಪುಣೆಯವರಿಗೆ ಪುರಂದರದ ಅಂಜೂರ ಇದೆ. ಅದನ್ನು ನಾಲ್ಕು ಹೋಳು ಮಾಡಿ ಬಿಸಿ ಗಂಜಿಯ ಮೇಲೆ ಇಟ್ಟು, ಎರಡು ಹುರಿದ ಗೋಡಂಬಿ ಉದುರಿಸಿ. ಅದಕ್ಕೆ ಬೇರೆ ಏನೂ ಬೇಡ.

ಸೀತಾಫಲದ ವಿಷಯದಲ್ಲಿ ಎಚ್ಚರ. ಮಳೆ ಕಡಿಮೆಯಾಗುವ ಹೊತ್ತಿಗೆ ಸಾಸ್ವಡದಿಂದ ಬುಟ್ಟಿಗಟ್ಟಲೆ ಬರುತ್ತದೆ, ಆಸೆಯೂ ಆಗುತ್ತದೆ. ಆದರೆ ಇದರ ತಿರುಳು ಕಾದರೆ ಕಹಿಯಾಗುತ್ತದೆ. ಇಲ್ಲಿ ಅನಾನಸಿನ ತಂತ್ರ ನಡೆಯುವುದಿಲ್ಲ, ಉಲ್ಟಾ. ಗಂಜಿ ಪೂರ್ತಿ ಆರಿದ ಮೇಲೆ ಹಾಕಿ, ಇಲ್ಲವೇ ಪಕ್ಕದಲ್ಲಿ ಹಾಗೇ ತಿನ್ನಿ. ಬೀಜ ಒಂದೂ ಉಳಿಯದ ಹಾಗೆ ತೆಗೆಯಿರಿ. ಮಿಕ್ಸಿಗಂತೂ ಬೀಜ ಬೀಳಲೇಬಾರದು, ಅದು ವಿಷದ ಬೀಜ.

ಹಲಸು? ಬಕ್ಕೆ ಹಲಸಾದರೆ ಸಣ್ಣಗೆ ಹೆಚ್ಚಿ ಬೆಲ್ಲದಲ್ಲಿ ಕುದಿಸಿ, ಕಾಯಿಹಾಲಿನ ಓಟ್ಸಿಗೆ. ಮೆತ್ತನೆಯ ಅಂಬಲಿ ಹಲಸು ಓಟ್ಸ್ ಜೊತೆ ಬರೀ ಲೋಳೆ. ಬೇಡ.

ಹಾಲಿಗೆ ಹಣ್ಣು ಸೇರಿಸಬಾರದು ಅಂತ ಅತ್ತೆ ಹೇಳುತ್ತಾರೆ. ನಿಜವಾ?

ಅತ್ತೆಯವರ ಮಾತಿಗೆ ಬುಡ ಇದೆ. ಹಾಲು ಮತ್ತು ಹುಳಿ ಹಣ್ಣು ವಿರುದ್ಧ ಆಹಾರ ಅಂತ ಚರಕ ಸಂಹಿತೆಯಲ್ಲೇ ಇದೆ. ಈಗಿನ ಆಹಾರ ವಿಜ್ಞಾನ ಇದನ್ನು ಹಾಗೆ ನೋಡುವುದಿಲ್ಲ, ಹಾಲು ಹೇಗಿದ್ದರೂ ಹೊಟ್ಟೆಯ ಆಮ್ಲದಲ್ಲಿ ಒಡೆದೇ ಒಡೆಯುತ್ತದೆ. ಆದರೆ ಬೆಳಿಗ್ಗೆ ಏಳು ಗಂಟೆಗೆ ಈ ವಾದ ಯಾಕೆ? ನೀರಿನಲ್ಲಿ ಬೇಯಿಸಿ ಕಾಯಿಹಾಲು ಹಾಕಿ. “ಅತ್ತೆ, ಇದರಲ್ಲಿ ಹಾಲೇ ಇಲ್ಲ, ಕಾಯಿಹಾಲು” ಅಂದರೆ ಮಾತು ಮುಗಿಯಿತು. ಅವರೂ ಒಂದು ಬಟ್ಟಲು ತಿನ್ನುತ್ತಾರೆ.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾ?

ತಿನ್ನಬಹುದು, ಅಳತೆ ನೋಡಿಕೊಂಡು. ಇನ್‌ಸ್ಟಂಟ್ ಓಟ್ಸ್ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಸ್ಟೀಲ್ ಕಟ್ ನಿಧಾನ. ಪೇರಲೆ, ಸೇಬು, ಸ್ಟ್ರಾಬೆರಿ, ನೇರಳೆ ಪರವಾಗಿಲ್ಲ. ಚುಕ್ಕೆ ಬಿದ್ದ ಬಾಳೆಹಣ್ಣು, ಚಿಕ್ಕು, ಖರ್ಜೂರ, ಹಾಪೂಸ್ ಕೈ ಬಿಗಿ ಹಿಡಿದು. ಹಣ್ಣನ್ನು ಜ್ಯೂಸ್ ಮಾಡಿ ಓಟ್ಸಿಗೆ ಸುರಿಯಬೇಡಿ, ನಾರು ಹೋದ ಮೇಲೆ ಉಳಿಯುವುದು ಸಕ್ಕರೆ ನೀರು. ‘ಶುಗರ್ ಬೇಡ, ಬೆಲ್ಲ ಹಾಕಿದ್ದೇನೆ’ ಅನ್ನುವವರಿದ್ದಾರೆ. ಗ್ಲೂಕೋಮೀಟರ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಾದಾಮಿ, ಶೇಂಗಾ, ಅಗಸೆಪುಡಿ ಏನಾದರೂ ಸೇರಿದರೆ ಏರಿಕೆ ನಿಧಾನವಾಗುತ್ತದೆ. ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರ ಮಾತೇ ಕೇಳಿ.

ಕೊಲೆಸ್ಟರಾಲ್ ಇಳಿಯುತ್ತೆ ಅಂತಾರೆ. ಎಷ್ಟು ತಿನ್ನಬೇಕು?

ಓಟ್ಸಿನಲ್ಲಿ ಬೀಟಾ ಗ್ಲೂಕನ್ ಅನ್ನುವ ಕರಗುವ ನಾರು ಇದೆ. ಗಂಜಿ ಲೋಳೆಯಾಗಲು ಅದೂ ಕಾರಣ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲೇ ಇದನ್ನು ಪ್ಯಾಕೆಟ್ ಮೇಲೆ ಬರೆಯಲು ಒಪ್ಪಿತು. 40 ಗ್ರಾಂ ಓಟ್ಸಿನಲ್ಲಿ ಸಿಗುವುದು ಸುಮಾರು ಒಂದೂವರೆ ಗ್ರಾಂ. ಅಂದರೆ ಬೆಳಗಿನ ಒಂದು ಬಟ್ಟಲು ಅರ್ಧ ದಾರಿ. ಸೇಬು, ಪೇರಲೆಯಲ್ಲಿ ಬೇರೆ ಬಗೆಯ ಕರಗುವ ನಾರು ಇದೆ, ಅದೂ ಜೊತೆಗೆ ಬರಲಿ.

ಒಂದು ಮಾತು ಗಮನದಲ್ಲಿರಲಿ. ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಮಾತ್ರೆ ತಗೊಳ್ಳುವವರು ಗ್ರೇಪ್‌ಫ್ರೂಟ್ ತಿನ್ನುವ ಮೊದಲು ಡಾಕ್ಟರನ್ನು ಕೇಳಿ. ಅದರ ಹತ್ತಿರದ ನಂಟ ಚಕ್ಕೋತಕ್ಕೂ ಇದೇ ಎಚ್ಚರ. ಮಾತ್ರೆಯ ಅಂಶ ರಕ್ತದಲ್ಲಿ ಹೆಚ್ಚಾಗಬಹುದು. ಕಿಡ್ನಿ ತೊಂದರೆ ಇರುವವರು ದಾರೆಹುಳಿಯನ್ನು, ಗೋವಾ ಕಡೆ ಕರಂಬಲ ಅನ್ನುವುದನ್ನು, ಮುಟ್ಟಲೇಬಾರದು. ಬಾಳೆಹಣ್ಣಿನ ಪೊಟ್ಯಾಸಿಯಂ ಬಗ್ಗೆಯೂ ಅವರು ಕೇಳಿ ತಿಳಿಯಬೇಕು.

ಮಕ್ಕಳಿಗೆ?

ಆರು ತಿಂಗಳು ದಾಟಿದ ಮಗುವಿಗೆ ನುಣ್ಣಗೆ ಬೇಯಿಸಿದ ಓಟ್ಸ್, ಕಿವುಚಿದ ಬಾಳೆ ಅಥವಾ ಬೇಯಿಸಿದ ಸೇಬು. ಒಂದು ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ, ಬೊಟುಲಿಸಂ ಅನ್ನುವ ವಿಷಬಾಧೆಯ ಅಪಾಯ ಇದೆ. ಸ್ವಲ್ಪ ದೊಡ್ಡ ಮಕ್ಕಳಿಗೂ ನಾಶಿಕದ ದ್ರಾಕ್ಷಿಯನ್ನು ಇಡೀ ಹಾಕಬೇಡಿ. ಉದ್ದಕ್ಕೆ ನಾಲ್ಕು ಸೀಳಿ. ಗಂಟಲಿಗೆ ಸರಿಯಾಗಿ ಕೂರುವ ಅಳತೆ ಅದು.

ಒಣಹಣ್ಣು ಹಾಕಿದರೆ ಸಾಕಾಗುವುದಿಲ್ಲವಾ?

ಸಾಕು. ಕ್ರಾಫರ್ಡ್ ಮಾರ್ಕೆಟಿನಲ್ಲಿ ತಂದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ರಾತ್ರಿ ನೆನೆಸಿ, ಆ ನೀರಿನಲ್ಲೇ ಓಟ್ಸ್ ಬೇಯಿಸಿ, ಸಕ್ಕರೆ ಬೇಕಿಲ್ಲ. ವಸೈ ಕಡೆ ರಾಜೇಳಿ ಬಾಳೆಯನ್ನು ಒಣಗಿಸಿದ ಸುಕೇಳಿ ಸಿಗುತ್ತದೆ, ಕಂಡರೆ ತಗೊಳ್ಳಿ, ಚೂರು ಮಾಡಿ ಹಾಕಿದರೆ ಹಲ್ವದ ರುಚಿ. ಹೊಳೆಯುವ ಚಿನ್ನದ ಬಣ್ಣದ ದ್ರಾಕ್ಷಿ, ಜರ್ದಾಳು (ಒಣ ಏಪ್ರಿಕಾಟ್)ಗಳಿಗೆ ಗಂಧಕದ ಹೊಗೆ ಕೊಟ್ಟಿರುವುದುಂಟು. ಅಸ್ತಮಾ ಇರುವವರು ಕಂದು ಬಣ್ಣದ್ದನ್ನೇ ಆರಿಸಲಿ.

ಹಣ್ಣು ಬೆರೆಸಿದ ಓಟ್ಸ್ ಪ್ಯಾಕೆಟ್ಟೇ ಬರುತ್ತದಲ್ಲ?

ಬರುತ್ತದೆ. ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಮ್ಮ ದೇಶದ ನಿಯಮ. ಓಟ್ಸ್ ಆದ ಕೂಡಲೇ ಸಕ್ಕರೆ, ಎಲ್ಲೋ ಕೊನೆಗೆ ಹಣ್ಣು ಇದ್ದರೆ ವಾಪಸ್ ಇಡಿ. ಆ ದುಡ್ಡಿಗೆ ಅರ್ಧ ಡಜನ್ ಬಾಳೆಹಣ್ಣು ಬರುತ್ತದೆ.

ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಡಬ್ಬಿಗೆ ಹಾಕಿಕೊಂಡು ಹೋಗಬಹುದಾ?

ಬಾಯಗಲದ ಥರ್ಮಸ್ ಡಬ್ಬಿ ಇದ್ದರೆ ಆಗುತ್ತದೆ. ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಸುಡುಸುಡು ಗಂಜಿ. ಮನೆಯಲ್ಲಿ ತಿನ್ನುವುದಕ್ಕಿಂತ ನೀರಾಗಿ ಮಾಡಿ, ಕಲ್ಯಾಣದಿಂದ ಸಿಎಸ್‌ಎಂಟಿ ತಲುಪುವಷ್ಟರಲ್ಲಿ ಓಟ್ಸ್ ನೀರು ಹೀರಿ ಮುದ್ದೆಯಾಗಿರುತ್ತದೆ. ಹಣ್ಣು ಬೇರೆ ಡಬ್ಬಿಯಲ್ಲಿ. ಬಾಳೆಹಣ್ಣಾದರೆ ಸಿಪ್ಪೆ ಸಮೇತ, ಅದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಇಲ್ಲ. ಥರ್ಮಸ್ ಇಲ್ಲದೆ ಸಾದಾ ಡಬ್ಬಿಯಲ್ಲಾದರೆ ಎರಡು ಗಂಟೆಯೊಳಗೆ ತಿಂದುಬಿಡಿ. ಹಾಲು ಸೇರಿದ ಗಂಜಿ, ಮೇಲೆ ಮುಂಬೈ ಸೆಕೆ.

ಏಕಾದಶಿಗೆ ನಡೆಯುತ್ತಾ?

ಓಟ್ಸ್ ಧಾನ್ಯ. ಇಲ್ಲಿನ ಉಪವಾಸದ ಪಟ್ಟಿಯಲ್ಲಿ ಸಾಬುದಾನ, ವರಿ, ರಾಜಗಿರಾ ಇವೆ, ಇದು ಇಲ್ಲ. ಹಣ್ಣು ಮಾತ್ರ ತಿನ್ನಿ.

ಫ್ರಿಜ್ಜಿನ ಹಣ್ಣು ಹಾಕಿದರೆ ಗಂಜಿ ತಣ್ಣಗಾಗುತ್ತೆ, ಏನು ಮಾಡಲಿ?

ಗ್ಯಾಸ್ ಹಚ್ಚುವ ಮೊದಲೇ ಹಣ್ಣನ್ನು ಹೊರಗಿಡಿ. ಫ್ರೀಜರಿನಲ್ಲಿಟ್ಟ ನೇರಳೆ ತಿರುಳು, ಸ್ಟ್ರಾಬೆರಿ ಆದರೆ ಸಣ್ಣ ಪಾತ್ರೆಯಲ್ಲಿ ಬೇರೆಯಾಗಿ ಬೆಚ್ಚಗೆ ಮಾಡಿ ಮೇಲೆ ಸುರಿಯಿರಿ.

ಉಳಿದದ್ದನ್ನು ರಾತ್ರಿಗೆ ಇಡಬಹುದಾ?

ಹಣ್ಣು ಹಾಕದೆ ಉಳಿದಿದ್ದರೆ ಬಿಸಿ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ, ಮರುದಿನ ನೀರು ಬೆರೆಸಿ ಕುದಿಸಿದರೆ ಸರಿಹೋಗುತ್ತದೆ. ಹಸಿ ಹಣ್ಣು ಕಲಸಿದ್ದು ಉಳಿಯುವುದಿಲ್ಲ, ಬಾಳೆ ಕಪ್ಪಾಗುತ್ತದೆ, ಪಪ್ಪಾಯಿ ಕಹಿಯಾಗುತ್ತದೆ. ಬೇಯಿಸಿದ ಸೇಬು ಹಾಕಿದ್ದು ಉಳಿದಿದ್ದರೆ ಅದಕ್ಕೆ ಸ್ವಲ್ಪ ಗೋಧಿ ಹಿಟ್ಟು, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಕಾವಲಿಗೆ ಸಣ್ಣ ಸಣ್ಣ ದೋಸೆ ಹುಯ್ಯಿರಿ. ಬದಿಗೆ ತುಪ್ಪ ಬಿಡಿ, ಸಣ್ಣ ಉರಿ ಇರಲಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.